ಸಿಂಧಘಟ್ಟದ ಅಕ್ಕನ ಕ್ಯಾಸೆಟ್ಟು

ಕೆ.ಆರ್.ಪೇಟೆಯಲ್ಲಿ ಮದುವೆ ವಿಡಿಯೋ ತೆಗೆಯುತ್ತಾ ನನ್ನ ಅರ್ಧ ಆಯಸ್ಸು ಕಳೆಯಿತು. ನಮ್ಮ ಹಿರಿಯರು ಚಿನ್ನದ ಕೆಲಸದವರು. ಕೂದಲೆಳೆಯಷ್ಟು ಆಚೀಚೆಯಾದರೂ ಒಡವೆಯನ್ನು ಕರಗಿಸಿ ಮತ್ತೆ ಮಾಡುತ್ತಿದ್ದರಂತೆ. ಆ ತಾಳ್ಮೆಯಲ್ಲಿ ಒಂದು ಗುಂಜಿಯಷ್ಟೂ ನನಗೆ ಬರಲಿಲ್ಲ. ನಾನು ಸಿಡುಕ ಅನ್ನುವುದು ಪೇಟೆಗೆಲ್ಲ ಗೊತ್ತು. ಸುಳ್ಳ ಅನ್ನುವುದು ಮಾತ್ರ ಯಾರಿಗೂ ಗೊತ್ತಿಲ್ಲ.

ಟೇಪು ಹೋಗಿ ಡಿಸ್ಕು ಬರುತ್ತಿದ್ದ ಕಾಲ. ಒಂದು ಬೆಳಗ್ಗೆ ಸಿಂಧಘಟ್ಟದಿಂದ ಒಬ್ಬ ಹೆಂಗಸು ಅಂಗಡಿಗೆ ಬಂದರು. ಗಂಡ ಬಡಗಿ, ಗಾಡಿ ಚಕ್ರ ಮಾಡುವುದರಲ್ಲಿ ಸುತ್ತಮುತ್ತ ಹೆಸರುವಾಸಿ. ಶ್ರೀರಂಗಪಟ್ಟಣ ನೋಡಲು ಬಂದಿದ್ದ ಅಮೆರಿಕದ ಹೆಂಗಸೊಬ್ಬಳು ಯಾರೋ ಹೇಳಿದರೆಂದು ಅವರ ಮನೆಗೂ ಬಂದು, ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಹೋಗಿದ್ದಳಂತೆ. ಕಳಿಸುತ್ತೇನೆ ಅಂದವಳು ಮಾತಿಗೆ ತಪ್ಪಲಿಲ್ಲ. ಆದರೆ ಡಿಸ್ಕು ಅಂಚೆಯಲ್ಲಿ ಬರುವ ಹೊತ್ತಿಗೆ ಬಡಗಿ ತೀರಿಕೊಂಡು ಎರಡು ತಿಂಗಳಾಗಿತ್ತು.

"ಅವ್ರ ದನಿ ಇರೋದು ಇದ್ರಾಗೊಂದೇ ಕಣಣ್ಣ. ನಮ್ಮನೇಲಿ ಕ್ಯಾಸೆಟ್ ಆಕೋ ಡೆಕ್ ಅದೆ. ಅದ್ರಾಗೆ ನೋಡಂಗೆ ಮಾಡ್ಕೊಡಿ" ಅಂದರು.

ಅಯ್ಯೋ, ಇದೇನು ಮಹಾ ಅಂದುಕೊಂಡೆ. ಪ್ಲೇಯರಿನಿಂದ ಡೆಕ್ಕಿಗೆ ವೈರು ಕೊಟ್ಟು ತುಂಬಿಸಿದರೆ, ಟೇಪಿನಲ್ಲಿ ಬಣ್ಣವೇ ಇಲ್ಲ. ಬಡಗಿ ಕಪ್ಪುಬಿಳುಪಾಗಿ, ಪರದೆಯ ಮೇಲಿನಿಂದ ಕೆಳಕ್ಕೆ ಉರುಳುತ್ತಲೇ ಇದ್ದ. ಅಮೆರಿಕದವರ ಚಿತ್ರದ ಲೆಕ್ಕ ಬೇರೆ, ನಮ್ಮದು ಬೇರೆ. ಅವರದು ಸೆಕೆಂಡಿಗೆ ಮೂವತ್ತು ಚಿತ್ರ, ನಮ್ಮದು ಇಪ್ಪತ್ತೈದು. ಚಿತ್ರ ಮೂಡಿಸುವ ಗೆರೆಗಳ ಸಂಖ್ಯೆ ಬೇರೆ, ಬಣ್ಣ ಕಳಿಸುವ ರೀತಿಯೂ ಬೇರೆ. ನನ್ನ ಟಿವಿ ಎರಡನ್ನೂ ತೋರಿಸುತ್ತಿತ್ತು, ಡೆಕ್ಕು ಮಾತ್ರ ನಮ್ಮದನ್ನಷ್ಟೇ ಒಪ್ಪುತ್ತಿತ್ತು. ಒಂದನ್ನು ಇನ್ನೊಂದಕ್ಕೆ ಬದಲಾಯಿಸುವ ಯಂತ್ರ ಮೈಸೂರಿನಲ್ಲಿತ್ತು. ಹೋಗಿಬರಲು ಒಂದು ದಿನ ಬೇಕು. ಮದುವೆಗಳು ತಲೆ ಮೇಲೆ ಕೂತಿದ್ದವು.

ಮೈಸೂರಿಗೆ ಕಳಿಸಿ ಮಾಡಿಸುತ್ತೇನೆ ಎಂದು ಅವರಿಗೆ ಹೇಳಿದೆ. ಮಾಡಿದ್ದು ಬೇರೆ. ಅಂಗಡಿಯ ಪರದೆ ಎಳೆದು, ಟಿವಿಯಲ್ಲಿ ಡಿಸ್ಕು ಓಡಿಸಿ, ಅದರ ಮುಂದೆ ನನ್ನ ಕ್ಯಾಮೆರಾ ನಿಲ್ಲಿಸಿ ಟಿವಿಯ ಪರದೆಯನ್ನೇ ಶೂಟ್ ಮಾಡಿದೆ. ಆಗ ನಮ್ಮ ಕಸುಬಿನವರು ಅನೇಕರು ಹಾಗೆ ಮಾಡುತ್ತಿದ್ದರು. ಧ್ವನಿಗಾದರೂ ಬೇರೆ ವೈರು ಕೊಡಬೇಕು. ಆ ವೈರು ಇನ್ನೊಂದು ಕ್ಯಾಮೆರಾದ ಚೀಲದಲ್ಲಿ ಪಾಂಡವಪುರದ ಮದುವೆಗೆ ಹೋಗಿತ್ತು. ಕ್ಯಾಮೆರಾದ ಮೈಕೇ ಸಾಕು ಅಂದುಕೊಂಡೆ. ನಡುವೆ ಫೋನ್ ಬಂತು. ನಾಗಮಂಗಲದ ಮದುವೆಯೊಂದರ ಬೀಗರು. ಅವರ ಮೇಲೆ ರೇಗಿಕೊಂಡು ಮಾತಾಡಿ ಮುಗಿಸುವಷ್ಟರಲ್ಲಿ ಡಿಸ್ಕೂ ಮುಗಿದಿತ್ತು. ಮೊದಲ ಒಂದು ನಿಮಿಷ ಹಾಕಿ ನೋಡಿದೆ, ಬಣ್ಣ ಚೆನ್ನಾಗಿತ್ತು. ಕ್ಯಾಸೆಟ್ಟು ಕೊಟ್ಟು ಕೈ ತೊಳೆದುಕೊಂಡೆ. "ಡಿಸ್ಕು ನಿಮ್ಮತ್ರಾನೇ ಇರ್ಲಿ ಅಣ್ಣ, ನಮ್ಮನೇಲಿ ಇಲಿ ಕಾಟ" ಎಂದು ನನ್ನನ್ನು ನಂಬಿ ಬಿಟ್ಟು ಹೋದರು.

ಕೆಲವು ತಿಂಗಳ ಮೇಲೆ ಸಿಂಧಘಟ್ಟದಲ್ಲೊಂದು ನಾಮಕರಣದ ಕೆಲಸವಿತ್ತು. ಕ್ಯಾಸೆಟ್ಟು ಮಾಡಿಸಿಕೊಂಡಿದ್ದ ಅಕ್ಕ ನನ್ನನ್ನು ನೋಡಿ, ಬಲವಂತವಾಗಿ ಮನೆಗೆ ಕರೆದುಕೊಂಡು ಹೋದರು. ಕಾಫಿ ಕೊಟ್ಟು ಕ್ಯಾಸೆಟ್ಟು ಹಾಕಿದರು. ಬೆರಣಿ ಬೆಂಕಿಯಲ್ಲಿ ಪಟ್ಟಿ ಕೆಂಪಗೆ ಕಾಯುತ್ತಿದೆ. ಪಕ್ಕದಲ್ಲಿ ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಾರೆ. ಅಮೆರಿಕದವಳ ಜೊತೆ ಬಂದಿದ್ದ ದುಭಾಷಿ ಏನೋ ಕೇಳುತ್ತಾನೆ. ಅಕ್ಕ ನೀರು ತರಲು ಒಳಗೆ ಹೋಗುತ್ತಾರೆ. ಬಡಗಿ ಅವರು ಹೋದ ಕಡೆಗೆ ಕೈ ತೋರಿಸಿ ಬಾಯಿ ತೆರೆಯುತ್ತಾನೆ. ಆ ಬಾಯಿಯಿಂದ ನನ್ನ ಗಂಟಲು ಹೊರಟಿತು! "ಅದೆಂಗ್ರೀ ಆಯ್ತದೆ? ಮಂಟಪಕ್ಕೆ ಲೈಟೇ ಇಲ್ದೆ ನಾನೇನ್ ಕತ್ತಲೆ ಶೂಟ್ ಮಾಡ್ಲಾ?" ಬಡಗಿಯ ತುಟಿ ಆಡುತ್ತಲೇ ಇತ್ತು, ಮಾತೆಲ್ಲ ನನ್ನದು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಕ್ಕ ಬೈಯಲಿಲ್ಲ. ಟಿವಿಯ ಹತ್ತಿರ ಸರಿದು, ಸಂಕೋಚದಿಂದ ಕೇಳಿದರು: "ಇಲ್ಲಿ ನನ್ ಕಡೀಕೆ ಕೈ ತೋರುಸ್ತಾವ್ರೆ. ನಾನು ಆಗ ಒಳಗಿದ್ದೆ. ನೀವು ಅಂಗಡೀಲಿ ಕೇಳುಸ್ಕಂಡಿರ್ತೀರಲ್ಲ ಅಣ್ಣ, ಏನಂತಾರೆ ಇವ್ರು?"

ನಾನು ಕೇಳಿಸಿಕೊಂಡಿರಲಿಲ್ಲ. ಕೇಳಿಸಿಕೊಂಡಿಲ್ಲ ಅನ್ನಬಹುದಿತ್ತು. "ಇವ್ಳು ಕಟ್ಕೊಂಡ್ಮೇಲೇ ನನ್ ಮನೇಗೆ ಲಕ್ಸ್ಮಿ ಬಂದಿದ್ದು ಅಂದ್ರು ಕಣಕ್ಕ" ಎಂದೆ. ಯಾವ ಗಂಡನಾದರೂ ತನ್ನ ಹೆಂಡತಿಯ ಬಗ್ಗೆ ಹೇಳಬಹುದಾದ ಮಾತು. ಅಕ್ಕ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಮನೆಗೆ ಬಂದವರಿಗೆಲ್ಲ ಆ ಮಾತು ಹೇಳುತ್ತಾರೆಂದು ಆಮೇಲೆ ಕೇಳಿದೆ.

ಅಂದೇ ಅಂಗಡಿಗೆ ಬಂದು ಡಿಸ್ಕು ಹುಡುಕಿದೆ, ಸಿಗಲಿಲ್ಲ. ನಿಜ ಹೇಳಬೇಕೆಂದರೆ, ಸಿಗದಿದ್ದುದಕ್ಕೆ ಒಳಗೊಳಗೇ ಹಾಯೆನಿಸಿತು. ನನಗೆ ನನ್ನ ಮೇಲೆ ಹೇಸಿಗೆ ಹುಟ್ಟುವುದು ಆ ನೆಮ್ಮದಿಯನ್ನು ನೆನೆದಾಗಲೇ.

ಹೋದ ವರ್ಷ ಅಂಗಡಿ ಬದಲಾಯಿಸುವಾಗ ಹಳೇ ಆಲ್ಬಮ್ಮುಗಳ ಡಬ್ಬದ ತಳದಲ್ಲಿ ಅದು ಸಿಕ್ಕಿತು. ಈಗ ಆ ಎರಡು ಲೆಕ್ಕಗಳ ಜಗಳವೇ ಇಲ್ಲ. ಕಂಪ್ಯೂಟರಿಗೆ ಹಾಕಿ ಫೋನಿಗೆ ಇಳಿಸಿಕೊಳ್ಳಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಬಡಗಿ ಕೈ ತೋರಿಸಿ ಆಡಿದ ಆ ಮಾತು ಮೊದಲ ಸಲ ಕೇಳಿದೆ. "ನಂಗೀಗ ಬೆಂಕಿ ಬಣ್ಣ ಸರ್ಯಾಗಿ ಕಾಣಾಕಿಲ್ಲ ಕಣಪ್ಪ. ಪಟ್ಟಿ ಕಾದದೆ ಅಂತ ಇವ್ಳೇ ನೋಡಿ ಏಳ್ಬೇಕು. ಇವ್ಳು ಊಂ ಅಂದ್ಮೇಲೇ ನಾನು ಇಕ್ಕಳ ಆಕೋದು. ಊರವ್ರು ನನ್ ಕೆಲ್ಸ ಅಂತಾರೆ. ಅರ್ಧ ಇವ್ಳುದು."

ಮಾರನೇ ದಿನವೇ ಸಿಂಧಘಟ್ಟಕ್ಕೆ ಹೋದೆ. ಅಕ್ಕ ಜಗಲಿ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಸೊಸೆ ಗದ್ದೆಗೆ ಹೋಗಿದ್ದಳು. ಎರಡು ಮಾತಾಡುವಷ್ಟರಲ್ಲಿ ಗೊತ್ತಾಯಿತು, ಅಕ್ಕನಿಗೆ ಕಿವಿ ಬಹುಪಾಲು ಹೋಗಿದೆ, ಕಿವಿಗೆ ಬಾಯಿಟ್ಟು ಕೂಗಬೇಕು. ಫೋನಿನ ಸದ್ದು ಪೂರ್ತಿ ಏರಿಸಿ ಕಿವಿಗೇ ಹಿಡಿದರೂ ಅವರಿಗೆ ಮುಟ್ಟಲಿಲ್ಲ. ಅವರು ಫೋನನ್ನು ಕಿವಿಯಿಂದ ಕಿತ್ತು ಕಣ್ಣ ಮುಂದೆ ತಂದುಕೊಂಡು ಗಂಡನ ಮುಖ ನೋಡಿ ನಕ್ಕರು. ನಾನು ಅವರ ಕಿವಿಗೆ ಬಾಯಿಟ್ಟು, ಬಡಗಿಯ ಮಾತನ್ನು ಒಂದೊಂದಾಗಿ ಕೂಗಿ ಹೇಳಿದೆ. ಹಿಂದೆ ಹೇಳಿದ್ದು ಸುಳ್ಳು, ಇದು ನಿಜ ಎಂದೂ ಕೂಗಿದೆ.

ಅಕ್ಕ ಎಲ್ಲ ಕೇಳಿಸಿಕೊಂಡರು. ನನ್ನ ಕೈ ಹಿಡಿದು, ನನ್ನನ್ನೇ ಸಮಾಧಾನ ಮಾಡುವವರ ಹಾಗೆ, "ಬುಡಿ ಅಣ್ಣ, ನನ್ ಸಂತೋಸಕ್ಕೆ ಅಂತ ಏಳ್ತೀರಿ. ಕಣ್ ಕಾಣಾಕಿಲ್ಲ ಅಂತ ಅವ್ರು ಯಾರ್ ಮುಂದೂ ಒಪ್ಕಂಡೋರಲ್ಲ. ಆವತ್ತು ನೀವೇಳಿದ್ದೇ ಸರಿ" ಎಂದು, ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಗದ್ದೆಯಿಂದ ಸೊಸೆ ಬರುವವರೆಗೆ ಕಾಯಬೇಕಿತ್ತು. ಅವಳಿಗೆ ಕಿವಿ ಕೇಳುತ್ತದೆ, ಫೋನಿನಲ್ಲಿ ಮಾವನ ಮಾತು ಕೇಳಿ ಅವಳು ಹೇಳಿದ್ದರೆ ಅಕ್ಕ ನಂಬುತ್ತಿದ್ದರು. ಆದರೆ ಇಷ್ಟು ವರ್ಷದ ಸುಳ್ಳನ್ನು ಆ ಹುಡುಗಿಯ ಎದುರು ಏನೆಂದು ಹೇಳಲಿ? ಅವಳು ಬರುವಷ್ಟರಲ್ಲಿ ನಾನು ಸ್ಕೂಟರ್ ಹತ್ತಿ ಊರು ದಾಟಿದ್ದೆ.