ಬೀಗರಿಗೆ ಲಾಜಿನ ಖೋಲಿಯೇ?

ಅಫಜಲಪುರದಲ್ಲಿ ನನ್ನ ಚಿಕ್ಕಪ್ಪ ಕಾಕಾನ ಲಾಜು ಇತ್ತು, ಯಾತ್ರಿಕರು ತಂಗುವಂಥದ್ದು. ಅದರ ಗೋಡೆ ಹಸಿರು ಎಂದು ನನ್ನ ನೆನಪು. ಯಾವತ್ತೂ ಹಳದಿಯೇ ಇತ್ತು ಎಂದು ಅವನ ಹೆಂಡತಿ ಕಾಕು ಈಗಲೂ ವಾದಿಸುತ್ತಾಳೆ. ಆದ್ದರಿಂದ ಮುಂದಿನದನ್ನು ಓದುವಾಗ ನೀವೂ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಖೋಲಿಗಳು ಖಾಲಿ ಇರುತ್ತಿದ್ದವು ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೂ ಜಗಳವಿಲ್ಲ.

ಗಾಣಗಾಪುರದ ಯಾತ್ರೆಗೆ ಹೋಗಿಬರುವ ಜನ ಕಡಿಮೆಯೇನಿರಲಿಲ್ಲ. ಅವರು ಕಾಕಾನ ಲಾಜಿಗೂ ಬರುತ್ತಿದ್ದರು. ತೊಂದರೆ ಶುರುವಾಗುತ್ತಿದ್ದದ್ದು ಆಮೇಲೆ. ಬಂದವರ ಹೆಸರು ಕೇಳುವ ಮೊದಲೇ ಕಾಕಾ "ಯಾವೂರಾಯ್ತ್ರಿ?" ಎನ್ನುತ್ತಿದ್ದ. ಸರಸಂಬಾ ಎಂದರೆ ಅಲ್ಲಿ ಅವನ ಅಕ್ಕನ ಮನೆ, ಅಂದೋಲಾ ಎಂದರೆ ಸೊಸೆಯ ತವರು. ನಂಟು ಸಿಕ್ಕಿದ್ದೇ ತಡ, "ಬೀಗರಾಗಿ ಲಾಜಿನ್ಯಾಗ ಮಲಗ್ತೀರೇನ್ರಿ? ನಡೀರಿ ಮನಿಗೆ" ಎಂದು ಅವರ ಚೀಲ ತಾನೇ ಎತ್ತಿಕೊಂಡು ಹಿಂದಿನ ಮನೆಗೆ ನಡೆಯುತ್ತಿದ್ದ. ಲಾಜು ಖಾಲಿ, ಮನೆಯಲ್ಲಿ ಕಾಲಿಡಲು ಜಾಗವಿಲ್ಲ.

ಕಾಕು ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು: "ಸುಗ್ಗಿ ತನಕಾ ಹಿಂಗೇ ಇದ್ರ ಎಲ್ಲಾ ಖೋಲ್ಯಾಗೂ ತೊಗರಿ ತುಂಬಿಸ್ತೇನಿ. ಅದು ಊಟಾ ಕೇಳಂಗಿಲ್ಲ."

ಆಗಷ್ಟೇ ನಾನು ವಿಶ್ವವಿದ್ಯಾಲಯದಲ್ಲಿ ಪ್ರವಾಸೋದ್ಯಮ ಓದಿ ಬಂದಿದ್ದೆ. ಲಾಜಿನ ದಕ್ಷತೆ, ಊರುಗಳ ನಡುವಿನ ಪೈಪೋಟಿ ಎಂದು ಕಾಕಾನಿಗೆ ಪಾಠ ಮಾಡಿದೆ. ಆಳಂದ, ಜೇವರ್ಗಿ, ಅಫಜಲಪುರ ಮೂರೂ ಒಬ್ಬನೇ ಯಾತ್ರಿಕನಿಗಾಗಿ ಹೋರಾಡುತ್ತಿವೆ ಎಂದೆ.

"ಹೋರಾಡೋದ್ಯಾಕ್ಲೇ? ಆಳಂದದ ಲಾಜಿನವ್ರು ನಮ್ಮ ಬೀಗರಲ್ಲೇನು?" ಎಂದ ಕಾಕಾ.

ಅಷ್ಟರಲ್ಲಿ ಸೊಲ್ಲಾಪುರದಿಂದ ಟ್ರಾವೆಲ್ಸ್ ಮಾಲೀಕನೊಬ್ಬ ಬರುವ ಸುದ್ದಿ ಬಂತು. ಅವನ ಯಾತ್ರೆಯ ಬಸ್ಸು ವಾರವಾರವೂ ತಂಗಲು ಒಂದು ಲಾಜು ಬೇಕಿತ್ತು. ಆಳಂದದ್ದು, ಜೇವರ್ಗಿಯದ್ದು ನೋಡಿಯಾಗಿತ್ತು; ಜೇವರ್ಗಿಯದರಲ್ಲಿ ಲಿಫ್ಟ್ ಇತ್ತಂತೆ. ಈ ಬಸ್ಸು ಸಿಕ್ಕರೆ ಲಾಜು, ಇಲ್ಲವಾದರೆ ತೊಗರಿ ಎಂದಳು ಕಾಕು. ನಾನು ಕಾಕಾನಿಂದ ಆಣೆ ಮಾಡಿಸಿಕೊಂಡೆ: ಬಂದವನ ಊರು ಕೇಳುವಂತಿಲ್ಲ.

ಮಾಲೀಕ ಬಂದು ಕುರ್ಚಿಯಲ್ಲಿ ಕೂತ. ಕಾಕಾ ನಿಜಕ್ಕೂ ಬಾಯಿ ಕಟ್ಟಿಕೊಂಡಿದ್ದ. ಟೇಬಲ್ ಒರೆಸಿದ, ಕೆಮ್ಮಿದ, ಫ್ಯಾನ್ ನೋಡಿದ. ಮನೆಗೆ ಸಾವಿನ ಸುದ್ದಿ ತಂದವರ ಹಾಗೆ ಮೂವರೂ ಕೂತಿದ್ದೆವು. ಆಗ ಯಾರೋ "ಯಾವೂರಾಯ್ತ್ರಿ?" ಎಂದರು. ನನ್ನ ನೆನಪಿನಲ್ಲಿ ಅದು ಕಾಕಾ. ಕಾಕಾ ಮಾತ್ರ "ಕೇಳಿದಾಂವ ನೀನಲೇ" ಎಂದು ನನ್ನತ್ತ ಬೆರಳು ತೋರಿಸುತ್ತಾನೆ. ಬಾಗಿಲ ಹಿಂದಿದ್ದ ಕಾಕು ಅವನ ಪರ ಸಾಕ್ಷಿ.

"ಸೊಲ್ಲಾಪುರರಿ. ಆದ್ರ ನಮ್ಮವ್ವನ ತವರು ಇಲ್ಲೇ ಕರಜಗಿ."

ಕರಜಗಿ ಕಾಕುವಿನ ತವರು. ಅವಳು ಹೊರಗೇ ಬಂದಳು. "ಕರಜಗ್ಯಾಗ ಯಾವ ಮನಿರಿ?"

"ಅಗಸಿ ಬಾಗಲ ಬಾಜೂಕಿಂದ್ರಿ."

"ಅಯ್ಯ! ಆ ಮನಿಗೇ ಅಲ್ಲೇನ್ರಿ ನಮ್ಮ ತಂಗೀನ ಕೊಟ್ಟಿದ್ದು!"

ಈ ಸಲ ಚೀಲ ಎತ್ತಿದ್ದು ಕಾಕುವೇ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು. "ಸರ್, ಒಮ್ಮೆ ಖೋಲಿ ನೋಡ್ರಲ್ಲ" ಎಂದು ನಾನು ಅಂಗಲಾಚಿದಾಗಲೆಲ್ಲ ಕಾಕು, "ಉಣ್ಣೋ ಮುಂದ ವ್ಯಾಪಾರ ತೆಗೀಬ್ಯಾಡಲೇ" ಎಂದು ಗದರಿದಳು. ರಾತ್ರಿ ಮಾಲೀಕ ಕಾಕಾನ ಮಂಚದ ಮೇಲೆ ಮಲಗಿ ಗೊರಕೆ ಹೊಡೆದ.

ಬೆಳಿಗ್ಗೆ ಹೊರಡುವಾಗ ಸಂಕೋಚದಿಂದ ಹೇಳಿದ: "ಬಸ್ಸು ಜೇವರ್ಗಿಗೇ ಕಳಸ್ತೇನ್ರಿ. ನಾಳೆ ನಳಕ್ಕ ನೀರು ಬರ್ಲಿಲ್ಲಂದ್ರ ಲಾಜಿನವನ ಮ್ಯಾಲ ಒದರಬೇಕಾಗ್ತದ. ಬೀಗರ ಮ್ಯಾಲ ಹ್ಯಾಂಗ ಒದರ್ಲಿ?"

"ಖರೇ ಅದರಿ" ಎಂದು ಕಾಕಾ ತಲೆಯಾಡಿಸಿದ.

ಸುಗ್ಗಿ ಬಂತು. ತೊಗರಿ ಚೀಲಗಳು ಒಂದೊಂದೇ ಖೋಲಿ ಹಿಡಿದವು. ಲಾಜು ಪೂರ್ತಿ ಭರ್ತಿಯಾದದ್ದು ಅದೇ ಮೊದಲು.

ಆಮೇಲೊಮ್ಮೆ ಸೊಲ್ಲಾಪುರದ ಮಾಲೀಕ ಮನೆಗೆ ಬಂದ. ಲಾಜಿನ ಬಾಗಿಲತನಕ ಪೇರಿಸಿದ್ದ ಚೀಲಗಳನ್ನು ನೋಡಿ ಅವನಿಗೆ ನಿಜವಾಗಿಯೂ ಬೇಜಾರಾಯಿತು.

"ಇಷ್ಟ ಛಲೋ ಲಾಜು ಯಾಕ ಬಂದ್ ಮಾಡಿದ್ರಿ?"

ಅವನು ಅದರ ಒಂದು ಖೋಲಿಯನ್ನೂ ಕಂಡವನಲ್ಲ.

ಕಾಕು ಹಿಟ್ಟಿನ ಕೈಯನ್ನು ನನ್ನತ್ತ ತೋರಿಸಿದಳು. "ನಮ್ಮ ಈ ಶಾಣ್ಯಾನ್ನ ಕೇಳ್ರಿ. ಊರು ಕೇಳಿದಾಂವ ಇವನೇ."