ಉಲಾಮಿಲಾಳ ತೆಂಗಿನ ನಾರು

ಉಲಾಮಿಲಾ ನಕ್ಕರೆ ತೆಂಗಿನ ತೋಟದ ಆ ತುದಿಗೂ ಕೇಳಿಸುತ್ತಿತ್ತು. ತೆಂಗಿನಕಾಯಿ ಸುಲಿಯುವುದು ಅವಳ ಕೆಲಸ. ಮೊನೆಗೂಟಕ್ಕೆ ಕಾಯಿ ಚುಚ್ಚಿ ಒಂದೇ ಮುರಿತಕ್ಕೆ ಸಿಪ್ಪೆ ಬಿಡಿಸುವಾಗಲೂ ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಗಂಡ ಅಪಿಸಾಯಿ ಮಿತಭಾಷಿ. "ನಮ್ಮ ಮನೇಲಿ ಮಾತು ಇವಳ ಪಾಲಿಗೆ, ಕಿವಿ ನನ್ನ ಪಾಲಿಗೆ" ಅನ್ನುತ್ತಿದ್ದ.

ಆ ವರ್ಷ ಚಂಡಮಾರುತಕ್ಕೆ ಗುಡ್ಡ ಜರಿದು ಊರಿಗೆ ಒರತೆಯ ನೀರು ತರುತ್ತಿದ್ದ ಕೊಳವೆ ಮಣ್ಣುಪಾಲಾಯಿತು. ಉಳಿದದ್ದು ಹೊಳೆ ಒಂದೇ. ಆ ಹೊಳೆ ಹರಿದು ಬರುವುದು ಎಂದೋ ಮುಚ್ಚಿಹೋದ ಗಣಿಯ ಮಗ್ಗುಲಿನಿಂದ. ನೀರು ಪರೀಕ್ಷೆಗೆಂದು ರಾಜಧಾನಿ ಸುವಾದಿಂದ ಬಂದ ಕಾಮಿನಿ, ಅದರಲ್ಲಿ ಸೀಸವಿದೆ, ತಾಮ್ರವಿದೆ ಎಂದಳು.

"ಕುದಿಸಿ ಕುಡಿದ್ರೆ?" ಎಂದು ಉಲಾಮಿಲಾ ಕೇಳಿದಳು.

"ಕುದಿಸಿದ್ರೆ ನೀರು ಆವಿಯಾಗಿ ಹೋಗುತ್ತೆ, ಸೀಸ ಪಾತ್ರೇಲೇ ಉಳಿಯುತ್ತೆ ಅಕ್ಕ. ಇನ್ನೂ ಗಟ್ಟಿಯಾಗುತ್ತೆ."

ಕೊಳವೆ ಮತ್ತೆ ಹಾಕುವವರೆಗೆ ಏನು ಮಾಡುವುದು? ಕಾಮಿನಿಯ ಕಣ್ಣು ಕೊಟ್ಟಿಗೆಯ ಹಿಂದೆ ಗುಡ್ಡೆ ಬಿದ್ದಿದ್ದ ಸಿಪ್ಪೆಯ ಮೇಲೆ ಬಿತ್ತು. ತೆಂಗಿನ ನಾರಿಗೆ ಸೀಸವನ್ನು ಹಿಡಿದಿಟ್ಟುಕೊಳ್ಳುವ ಗುಣವಿದೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಮಾಡಿ ನೋಡಿದ್ದು ಗಾಜಿನ ಕೊಳವೆಯಲ್ಲಿ, ಒಂದು ಹಿಡಿ ನಾರಿನಲ್ಲಿ. ಇಲ್ಲಿ ಇಡೀ ಊರು ಕುಡಿಯಬೇಕಿತ್ತು. ಇಬ್ಬರೂ ಸೇರಿ ನಾರು ಬಡಿದು, ಹಳೆಯ ಮೀನುಬಲೆಯ ಚೀಲಗಳಿಗೆ ತುಂಬಿ, ಪೀಪಾಯಿಯೊಳಗೆ ಒತ್ತಿ, ಮೇಲಿಂದ ಹೊಳೆನೀರು ಹುಯ್ದರು. ಮೊದಲ ದಿನ ಕೆಳಗಿನ ನಲ್ಲಿಯಿಂದ ಬಂದ ನೀರು ಕಡುಗಂದು.

"ಉಲಾಮಿಲಾ ಟೀ ಅಂಗಡಿ ಇಟ್ಟಿದ್ದಾಳೆ, ಸಕ್ಕರೆ ನೀವೇ ತರಬೇಕಂತೆ" ಎಂದು ಅವಳ ನಾದಿನಿ ವಾಸಿಸೇವಾ ಊರೆಲ್ಲ ಸಾರಿಕೊಂಡು ಬಂದಳು.

ಉಲಾಮಿಲಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಆಮೇಲೆ ನಾರನ್ನು ಅಪರೂಪಕ್ಕೆ ಬಿದ್ದ ಮಳೆನೀರಿನಲ್ಲಿ ನೆನೆಸುವುದು, ಹಿಂಡುವುದು, ಮತ್ತೆ ನೆನೆಸುವುದು. ಬಣ್ಣ ಬಿಡುವುದು ನಿಂತ ಮೇಲೆ ಚೀಲ ತುಂಬಿದರು. ಅದರಲ್ಲಿ ಸೋಸಿದ ನೀರನ್ನು ಕಾಮಿನಿ ಪರೀಕ್ಷೆಗೆ ಸುವಾಕ್ಕೆ ಒಯ್ದಳು. "ಕುಡೀಬಹುದು" ಎಂಬ ಮಾತು ಫೋನಿನಲ್ಲಿ ಬಂದಾಗ ಅಪಿಸಾಯಿಯೇ ಮೊದಲ ಲೋಟ ಎತ್ತಿದ.

ಹೋಗುವಾಗ ಕಾಮಿನಿ ಒಂದು ಮಾತು ಹೇಳಿದ್ದಳು: ನಾರಿನಲ್ಲಿ ಸೀಸ ತುಂಬಿದ ಮೇಲೆ ಅದನ್ನು ಬದಲಿಸಬೇಕು, ತೆಗೆದದ್ದನ್ನು ಎಲ್ಲೆಂದರಲ್ಲಿ ಹಾಕಬಾರದು. ಊರಿಗೆಲ್ಲ ಸುದ್ದಿ ಹಂಚುವ ಉಲಾಮಿಲಾ ಇದೊಂದನ್ನು ಯಾರಿಗೂ ಹೇಳಲಿಲ್ಲ. ತೆಗೆದ ನಾರನ್ನು ಬೇಲಿಯ ಪಕ್ಕ ಒಟ್ಟಿ, ಆಮೇಲೆ ನೋಡೋಣವೆಂದು ಬಿಟ್ಟಳು.

ಒಂದು ಬೆಳಿಗ್ಗೆ ಆ ಗುಡ್ಡೆಯೇ ಇರಲಿಲ್ಲ. ಹುಡುಕುತ್ತ ಹೋದರೆ ವಾಸಿಸೇವಾಳ, ಕೋಲಿಗೆ ಹಬ್ಬುವ ಮುಡಿಗೆಣಸಿನ ಮಡಿಗಳ ಮೇಲೆ ಅದು ಹೊದಿಕೆಯಾಗಿ ಹರಡಿತ್ತು. ಗಂಡ ಸತ್ತ ಮೇಲೆ ವಾಸಿಸೇವಾ ಒಬ್ಬಳೇ ಏರಿಸಿದ ಮಡಿಗಳು ಅವು. ರೂಢಿಯಂತೆ ಮೊದಲ ಗೆಣಸನ್ನು ಊರ ಮುಖ್ಯಸ್ಥನಿಗೆ ಒಪ್ಪಿಸುವ ಆಸೆ ಅವಳದು. ಬಳ್ಳಿ ಆಗತಾನೆ ಕೋಲು ಹಿಡಿದಿತ್ತು.

ಉಲಾಮಿಲಾ ಯಾರನ್ನೂ ಕೇಳದೆ ನಾರು ಬಾಚಿದಳು. ಅದರೊಂದಿಗೆ ಮೇಲ್ಮಣ್ಣು, ಬಳ್ಳಿ, ಗೆಡ್ಡೆ ಎಲ್ಲ ಕಿತ್ತು ರಾಶಿ ಹಾಕಿದಳು. ವಾಸಿಸೇವಾ ಓಡಿ ಬಂದಳು.

"ಏನತ್ತಿಗೆ ಇದು? ತಲೆ ಕೆಟ್ಟಿದ್ಯಾ ನಿಂಗೆ?"

"ನೀರಿಂದ ತೆಗೆದ ವಿಷ ಎಲ್ಲಿಗೆ ಹೋಯ್ತು ಅಂದ್ಕೊಂಡೆ? ಇದರೊಳಗೇ ಕೂತಿದೆ ಕಣೇ."

"ಅದನ್ನ ಮೊದ್ಲೇ ಬೊಗಳೋಕೆ ಏನಾಗಿತ್ತು? ಹಂದಿ ಹೆತ್ತ ಸುದ್ದೀನೂ ಮನೆಮನೆಗೆ ಹೇಳ್ಕೊಂಡು ಬರ್ತೀಯಲ್ಲ."

ಉಲಾಮಿಲಾ ಕಿತ್ತ ರಾಶಿಯನ್ನು ಬುಟ್ಟಿಗೆ ತುಂಬತೊಡಗಿದಳು.

ಮಾರನೆಯ ದಿನ ಅವಳು ತನ್ನ ಬಿತ್ತನೆಯ ಗೆಣಸನ್ನೆಲ್ಲ ಬುಟ್ಟಿಯಲ್ಲಿ ಹೊತ್ತು, ನಾದಿನಿಯ ಜಾಗದಲ್ಲೇ ನಾರು ಸೋಕದ ಮೇಲಿನ ಪಟ್ಟಿಯಲ್ಲಿ ಅಗೆಯತೊಡಗಿದಳು. ಹೊಸಿಲ ಮೇಲೆ ಕೂತ ವಾಸಿಸೇವಾ ಇತ್ತ ತಿರುಗಲೇ ಇಲ್ಲ. ಬಿಸಿಲು ಏರಿತು. ಕೊನೆಗೆ ಅವಳೇ ಎದ್ದು ಬಂದು ಗುಂಡಿಯೊಳಗೆ ಇಣುಕಿದಳು.

"ಇಷ್ಟು ಆಳ ಸಾಲ್ದು. ಇದರಲ್ಲಿ ಗೆಣಸು ಬೆಳೀತೀಯೋ, ಈರುಳ್ಳೀನೋ?" ಎಂದು ಅಗೆಗೋಲು ಕಸಿದುಕೊಂಡಳು.

ಉಲಾಮಿಲಾ ಕಣ್ಣೊರೆಸಿಕೊಂಡಳು. "ತಪ್ಪು ನಂದೇ ಕಣೇ."

"ಗೊತ್ತು. ನೀರು ತಾ, ಬಾಯಿ ಒಣಗಿದೆ."

ಬಳಸಿದ ನಾರಿಗೆಂದು ಅಪಿಸಾಯಿ ಎತ್ತರದ ಜಾಗದಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿ, ಮುಚ್ಚಳ ಹಾಕಿ ಬೀಗ ಜಡಿದ. ಕೆದಕಿದ ಮಣ್ಣೂ ಅದಕ್ಕೇ ಹೋಯಿತು. ಬೀಗದ ಕೈ ಮಾತ್ರ ತನ್ನ ಬಳಿಯೇ ಇರಬೇಕೆಂದು ವಾಸಿಸೇವಾ ಹಟ ಹಿಡಿದಳು. ಯಾರೂ ಎದುರಾಡಲಿಲ್ಲ.

ಕೊಯ್ಲಿಗೆ ಕಾಮಿನಿ ಬಂದಾಗ ವಾಸಿಸೇವಾ ಒಂದು ಗೆಣಸನ್ನು ಬಾಳೆಲೆಯಲ್ಲಿ ಸುತ್ತಿ ಕೈಗಿಟ್ಟಳು. "ಇದನ್ನೂ ನಿನ್ನ ಯಂತ್ರಕ್ಕೆ ತೋರ್ಸು. ಮುಖ್ಯಸ್ಥರಿಗೆ ಕೊಡೋದು, ಸುಮ್ನೆ ಅಲ್ಲ."

ಶುದ್ಧವಾಗಿದೆ ಎಂದು ಸುವಾದಿಂದ ಫೋನು ಬಂತು. ಉಲಾಮಿಲಾ ಅದನ್ನು ಮನೆಮನೆಗೂ ಹೇಳಿದಳು. ಕೆಲವು ಮನೆಗೆ ಎರಡೆರಡು ಸಲ.