ಬೆರಳು ತೋರಿಸದ ಗೈಡ್

ದಹಿಸರ್ ಖಾಡಿಯ ಹಿನ್ನೀರಿನ ಬದಿಯಲ್ಲಿ ನಮ್ಮಂಥ ಹೊಸಬರಿಗೆ ಹಕ್ಕಿ ತೋರಿಸುತ್ತಿದ್ದ ಗೈಡ್ ಉಡುಪಿ ಕಡೆಯವರು. ಯಾರಾದರೂ ಕೈ ಎತ್ತಿದರೆ ಸಾಕು, "ಬೆರಳು ತೋರಿಸ್ಬೇಡಿ ಮಾರಾಯ್ರೆ, ಹಾರಿ ಹೋಗ್ತದೆ" ಎನ್ನುತ್ತಿದ್ದರು. ತಾವು ಮಾತ್ರ ಗದ್ದ ಎತ್ತಿ ದಿಕ್ಕು ತೋರಿಸುತ್ತಿದ್ದರು. ಹಕ್ಕಿ ನೋಡುವ ಈ ನಡಿಗೆಯ ಖರ್ಚೆಲ್ಲ ಒಬ್ಬ ಬಿಲ್ಡರನದು; ನಮ್ಮೆಲ್ಲರ ತಲೆಯ ಮೇಲೂ ಅವನ ಕಂಪನಿಯ ಹೆಸರಿದ್ದ ಟೋಪಿ.

ಒಂದು ಭಾನುವಾರ ನಾವು ಕೊಕ್ಕರೆಗಳನ್ನು ನೋಡುತ್ತಿದ್ದಾಗ ಡಂಪರೊಂದು ಬಂದು, ಒಡೆದ ಕಟ್ಟಡದ ಕಲ್ಲುಮಣ್ಣನ್ನು ನೀರಿಗೆ ಸುರಿಯಿತು. ಅದರ ಬಾಗಿಲ ಮೇಲೂ ಅದೇ ಹೆಸರು. ಸಯನ್‌ನಿಂದ ಬಂದಿದ್ದ ಟೀಚರೊಬ್ಬರು ಅತ್ತ ಕೈಚಾಚಿ, "ಸರ್, ಆ ಗಾಡಿ ಟೋಪಿ ಕೊಟ್ಟವರದ್ದೇ ಅಲ್ವಾ?" ಎಂದು ಕೇಳಿದರು.

ಗೈಡ್ ಕಣ್ಣಿನಿಂದ ಬೈನಾಕ್ಯುಲರ್ ಇಳಿಸಲಿಲ್ಲ.

"ಬೆರಳು ತೋರಿಸ್ಬೇಡಿ ಅಂತ ಹೇಳಿದ್ದೆನಲ್ಲ ಮಾರಾಯ್ರೆ."

ಅವರು ನೋಡುತ್ತಿದ್ದ ನೀರಿನಲ್ಲಿ ಒಂದು ಹಕ್ಕಿಯೂ ಉಳಿದಿರಲಿಲ್ಲ.